ಸ್ಪ್ರಿಂಗ್‌ನಿಂದ ಜೋಡಿಸಿದ ಬ್ಲಾಕ್‌ಗಳಿಗೆ ಚಲನೆಯ ಸಮೀಕರಣ ಬರೆಯುವ ಕ್ರಮ: ಚಿಹ್ನೆ ತಪ್ಪದಂತೆ, ಹಂತ ಹಂತವಾಗಿ

ಒಂದು ಬ್ಲಾಕ್, ಒಂದು ಸ್ಪ್ರಿಂಗ್ ಇರುವವರೆಗೆ ಲೆಕ್ಕ ಸಲೀಸು. ಎರಡನೆಯ ಬ್ಲಾಕ್ ಬಂದು ನಡುವೆ ಇನ್ನೊಂದು ಸ್ಪ್ರಿಂಗ್ ಸೇರಿದ ಕೂಡಲೇ ಉತ್ತರ ಕೆಡಲು ಶುರುವಾಗುತ್ತದೆ. ಕೆಡುವ ಜಾಗ ಬಹುತೇಕ ಒಂದೇ: ನಡುವಿನ ಸ್ಪ್ರಿಂಗ್‌ನ ಬಲದ ಚಿಹ್ನೆ. k₂(x₂ − x₁) ಬರೆಯಬೇಕೋ, k₂(x₁ − x₂) ಬರೆಯಬೇಕೋ (k₂ ಆ ಸ್ಪ್ರಿಂಗ್‌ನ ಸ್ಥಿರಾಂಕ; x₁, x₂ ಬ್ಲಾಕ್‌ಗಳು ಸರಿದಷ್ಟು) ಎಂದು ಊಹಿಸುವುದು, ಪುಸ್ತಕದ ಕೊನೆಯಲ್ಲಿರುವ ಉತ್ತರ ನೋಡಿ ಚಿಹ್ನೆ ತಿರುಗಿಸಿಕೊಳ್ಳುವುದು ಹಲವರ ರೂಢಿ. ಮೂರನೆಯ ಬ್ಲಾಕ್ ಬಂದಾಗ, ಅಥವಾ ಉತ್ತರ ಕೊಡದ ಲೆಕ್ಕ ಎದುರಾದಾಗ, ಈ ರೂಢಿ ಕೈಕೊಡುತ್ತದೆ.

ತಪ್ಪಿನ ಮೂಲ ಇಷ್ಟೇ: ಬಲ ಯಾವ ಕಡೆಗೆ ಎಂದು ಮೊದಲೇ ಯೋಚಿಸಲು ಹೋಗುತ್ತೇವೆ. ಎರಡು ಬ್ಲಾಕ್‌ಗಳೂ ಅಲುಗಾಡುತ್ತಿರುವಾಗ ನಡುವಿನ ಸ್ಪ್ರಿಂಗ್ ಈ ಕ್ಷಣ ಹಿಗ್ಗಿದೆಯೋ ಕುಗ್ಗಿದೆಯೋ ಗೊತ್ತಿರುವುದಿಲ್ಲ, ಹಾಗಾಗಿ ದಿಕ್ಕು ಹೇಳಲೂ ಬರುವುದಿಲ್ಲ. ಇಲ್ಲಿನ ಕ್ರಮ ಬೇರೆ. ಮೊದಲು ಪ್ರತಿ ಸ್ಪ್ರಿಂಗ್‌ನ ಹಿಗ್ಗನ್ನು ಬರೆಯಿರಿ, ಅದರಿಂದ ಬಲವನ್ನು ಪಡೆಯಿರಿ, ಕೊನೆಯಲ್ಲಿ ಸಮೀಕರಣ ಕಟ್ಟಿ. ಈ ಕ್ರಮದಲ್ಲಿ ದಿಕ್ಕನ್ನು ಊಹಿಸುವ ಪ್ರಸಂಗವೇ ಬರುವುದಿಲ್ಲ.

## ಬೇಕಾಗುವುದು

ಗೆರೆಯಿಲ್ಲದ ಹಾಳೆ, ಪೆನ್ಸಿಲ್, ಎರಡು ಬಣ್ಣದ ಪೆನ್ನು, ವರ್ಗಮೂಲ ತೆಗೆಯುವ ಕ್ಯಾಲ್ಕುಲೇಟರ್. ಎರಡು ಬಣ್ಣ ಏಕೆಂದರೆ, ಸ್ಥಾನಪಲ್ಲಟದ ಬಾಣ ಒಂದು ಬಣ್ಣದಲ್ಲಿ, ಬಲದ ಬಾಣ ಇನ್ನೊಂದು ಬಣ್ಣದಲ್ಲಿ ಇರಬೇಕು. ಎರಡನ್ನೂ ಒಂದೇ ಬಣ್ಣದಲ್ಲಿ ಬರೆದರೆ ಒಂದನ್ನು ಇನ್ನೊಂದೆಂದು ಓದಿಕೊಳ್ಳುವ ಸಂಭವ ಹೆಚ್ಚು.

ಗೊತ್ತಿರಬೇಕಾದದ್ದು: ಹುಕ್‌ನ ನಿಯಮ, ನ್ಯೂಟನ್ನನ ಎರಡನೆಯ ನಿಯಮ, ಅವಕಲನ, 2×2 ನಿರ್ಧಾರಕ. ಹಂತ 7ಕ್ಕೆ ಮಾತ್ರ ಆಂಶಿಕ ಅವಕಲನ ಬೇಕು.

## ಹಂತ 1: ಚಿತ್ರ ಬರೆದು, ಒಪ್ಪಿಕೊಂಡದ್ದನ್ನು ಪಕ್ಕದಲ್ಲಿ ಗುರುತಿಸಿ

ಎಡದಿಂದ ಬಲಕ್ಕೆ ಹೀಗೆ ಬರೆಯಿರಿ:

ಗೋಡೆ — k₁ — m₁ — k₂ — m₂ — k₃ — ಗೋಡೆ

ಪಕ್ಕದಲ್ಲಿ ನಾಲ್ಕು ಸಾಲು: ಸ್ಪ್ರಿಂಗ್‌ಗಳಿಗೆ ದ್ರವ್ಯರಾಶಿ ಇಲ್ಲ, ಹಿಗ್ಗಿದಷ್ಟಕ್ಕೆ ಅನುಪಾತದಲ್ಲೇ ಬಲ, ಚಲನೆ ಒಂದೇ ಸರಳರೇಖೆಯಲ್ಲಿ, ಘರ್ಷಣೆ ಇಲ್ಲ. ಇವನ್ನು ಬರೆಯದೆ ಬಿಟ್ಟರೆ ಲೆಕ್ಕವೇನೂ ನಿಲ್ಲುವುದಿಲ್ಲ. ಆದರೆ ಪ್ರಯೋಗದ ಅಳತೆ ಲೆಕ್ಕಕ್ಕೆ ಹೊಂದದೇ ಹೋದಾಗ ಎಲ್ಲಿ ಹುಡುಕಬೇಕೆಂಬುದನ್ನು ಹೇಳುವುದು ಇದೇ ನಾಲ್ಕು ಸಾಲು.

## ಹಂತ 2: ನಿರ್ದೇಶಾಂಕಗಳನ್ನು ನಿಗದಿ ಮಾಡಿ

ಸಮತೋಲನದಲ್ಲಿ ಪ್ರತಿ ಬ್ಲಾಕ್ ಎಲ್ಲಿ ನಿಂತಿರುತ್ತದೋ ಅಲ್ಲಿ ಒಂದು ಚುಕ್ಕಿ ಗೆರೆ ಎಳೆಯಿರಿ. m₁ ತನ್ನ ಗೆರೆಯಿಂದ ಎಷ್ಟು ಸರಿದಿದೆಯೋ ಅದು x₁. m₂ ತನ್ನದೇ ಗೆರೆಯಿಂದ ಸರಿದಷ್ಟು x₂. ಎರಡಕ್ಕೂ ಬಲಗಡೆಯೇ ಧನ ದಿಕ್ಕು. ಈಗ ಎರಡು ಬಾಣಗಳನ್ನೂ ಬಲಕ್ಕೆ ಮುಖಮಾಡಿ ಬರೆಯಿರಿ. ಇನ್ನು ಮುಂದೆ ಇದು ಬದಲಾಗಬಾರದು.

ಇಲ್ಲಿ ಆಗುವ ತಪ್ಪುಗಳು ಎರಡು. ಚಿತ್ರ ಎರಡೂ ಕಡೆ ಒಂದೇ ರೀತಿ ಕಾಣುತ್ತದೆಂದು x₁ ಬಲಕ್ಕೆ, x₂ ಎಡಕ್ಕೆ ಎಂದಿಟ್ಟುಕೊಳ್ಳುವುದು ಮೊದಲನೆಯದು. ಲೆಕ್ಕ ಹಾಗೂ ನಡೆಯುತ್ತದೆ, ಆದರೆ ನಡುವಿನ ಸ್ಪ್ರಿಂಗ್‌ನ ಹಿಗ್ಗು ಆಗ −(x₁ + x₂) ಆಗುತ್ತದೆ. ಅದನ್ನು ಮರೆತು ಅಭ್ಯಾಸಬಲದಿಂದ x₂ − x₁ ಎಂದೇ ಬರೆದುಬಿಡುತ್ತಾರೆ.

ಎರಡನೆಯ ತಪ್ಪು ಇದಕ್ಕಿಂತ ಅಪಾಯಕಾರಿ. ಎರಡನೆಯ ಬ್ಲಾಕ್‌ನ ಸ್ಥಾನವನ್ನು ಮೊದಲನೆಯ ಬ್ಲಾಕ್‌ನಿಂದ ಅಳೆದು, ಅದಕ್ಕೆ y ಎಂದು ಹೆಸರಿಟ್ಟು, ನಂತರ m₂ÿ = ಬಲ ಎಂದು ಬರೆಯುವುದು (ಅಕ್ಷರದ ಮೇಲೆ ಒಂದು ಚುಕ್ಕಿ ಎಂದರೆ ವೇಗ, ಎರಡು ಚುಕ್ಕಿ ಎಂದರೆ ವೇಗೋತ್ಕರ್ಷ). ನ್ಯೂಟನ್ನನ ನಿಯಮ ಕೇಳುವ ವೇಗೋತ್ಕರ್ಷ ನೆಲಕ್ಕೆ ಹೋಲಿಸಿದ್ದು, ತಾನೇ ಅಲುಗಾಡುತ್ತಿರುವ ಬ್ಲಾಕ್‌ಗೆ ಹೋಲಿಸಿದ್ದಲ್ಲ. y ಬಳಸಲೇಬೇಕಾದರೆ ಎಡಭಾಗದಲ್ಲಿ m₂(ẍ₁ + ÿ) ಬರಬೇಕು. ಕಲಿಯುವ ಹಂತದಲ್ಲಿ ಇದರ ಗೊಡವೆಗೆ ಹೋಗದೆ ಎರಡೂ ನಿರ್ದೇಶಾಂಕಗಳನ್ನು ಸಮತೋಲನ ಸ್ಥಾನದಿಂದಲೇ ಅಳೆಯುವುದು ಒಳ್ಳೆಯದು.

## ಹಂತ 3: ಹಿಗ್ಗಿನ ಪಟ್ಟಿ ಮಾಡಿ

ಇಡೀ ಕೆಲಸದ ಜೀವಾಳ ಈ ಹಂತ. ಬಲದ ಮಾತು ಇನ್ನೂ ಬೇಡ. ಪ್ರತಿ ಸ್ಪ್ರಿಂಗ್‌ಗೂ ಒಂದೇ ನಿಯಮ:

ಹಿಗ್ಗು = ಬಲತುದಿಯ ಸ್ಥಾನಪಲ್ಲಟ − ಎಡತುದಿಯ ಸ್ಥಾನಪಲ್ಲಟ

ಗೋಡೆಗೆ ಕಟ್ಟಿದ ತುದಿ ಅಲುಗುವುದಿಲ್ಲ, ಅದರ ಸ್ಥಾನಪಲ್ಲಟ ಸೊನ್ನೆ. ಹಾಗಾಗಿ:

e₁ = x₁ − 0 = x₁
e₂ = x₂ − x₁
e₃ = 0 − x₂ = −x₂

ಉತ್ತರ ಋಣವಾಗಿ ಬಂದರೆ ಸ್ಪ್ರಿಂಗ್ ಕುಗ್ಗಿದೆ ಎಂದರ್ಥ, ಅಷ್ಟೇ. ಅದಕ್ಕೆ ಪ್ರತ್ಯೇಕ ನಿಯಮ ಬೇಡ. ಮೂರನೆಯ ಸಾಲಿನ ಋಣ ಚಿಹ್ನೆ ಕಂಡು ಹಲವರು ಗಾಬರಿಯಾಗಿ ಅಳಿಸಿಹಾಕುತ್ತಾರೆ. ಅಳಿಸಬೇಡಿ. m₂ ಬಲಕ್ಕೆ ಸರಿದರೆ ಬಲಗೋಡೆಯ ಸ್ಪ್ರಿಂಗ್ ಕುಗ್ಗುತ್ತದೆ, ಆ ಚಿಹ್ನೆ ಹೇಳುತ್ತಿರುವುದು ಅದನ್ನೇ.

ಮುಂದಕ್ಕೆ ಹೋಗುವ ಮೊದಲು ಪಟ್ಟಿಯನ್ನು ಎರಡು ಸಲ ಪರೀಕ್ಷಿಸಿ. ಎರಡೂ ಬ್ಲಾಕ್ ಒಟ್ಟಿಗೆ 1 ಸೆಂ.ಮೀ. ಬಲಕ್ಕೆ ಸರಿದವು ಎನ್ನಿ: e₂ ಸೊನ್ನೆ ಬರಬೇಕು, ಬರುತ್ತದೆ. m₁ ನಿಂತಲ್ಲೇ ಇದ್ದು m₂ ಮಾತ್ರ 1 ಸೆಂ.ಮೀ. ಸರಿದರೆ e₂ = +1, e₃ = −1. ನಡುವಿನದು ಹಿಗ್ಗಿತು, ಕೊನೆಯದು ಕುಗ್ಗಿತು. ಚಿತ್ರಕ್ಕೆ ಹೊಂದುತ್ತದೆ. ಈ ಎರಡು ಪರೀಕ್ಷೆಯಲ್ಲಿ ಪಾಸಾದ ಪಟ್ಟಿಯಿಂದ ಮುಂದೆ ಚಿಹ್ನೆಯ ತಪ್ಪು ಹುಟ್ಟುವುದು ವಿರಳ.

## ಹಂತ 4: ಹಿಗ್ಗಿನಿಂದ ಬಲಕ್ಕೆ

ಹಿಗ್ಗಿದ ಸ್ಪ್ರಿಂಗ್ ತನ್ನ ಎರಡೂ ತುದಿಗಳನ್ನು ಒಳಕ್ಕೆ ಎಳೆಯುತ್ತದೆ. ಎಡತುದಿಯಲ್ಲಿರುವುದನ್ನು ಬಲಕ್ಕೆ, ಬಲತುದಿಯಲ್ಲಿರುವುದನ್ನು ಎಡಕ್ಕೆ. ಇದನ್ನು ಬ್ಲಾಕ್‌ನ ಕಡೆಯಿಂದ ನೋಡಿದರೆ ಹೀಗಾಗುತ್ತದೆ: ಬ್ಲಾಕ್‌ನ ಎಡಗಡೆ ಇರುವ ಸ್ಪ್ರಿಂಗ್‌ನಿಂದ −k·e, ಬಲಗಡೆ ಇರುವ ಸ್ಪ್ರಿಂಗ್‌ನಿಂದ +k·e. e ಋಣವಾಗಿದ್ದರೆ ಎಳೆತ ತಾನಾಗಿಯೇ ತಳ್ಳುವಿಕೆಯಾಗುತ್ತದೆ.

ಪ್ರತಿ ಬ್ಲಾಕ್‌ಗೂ ಪ್ರತ್ಯೇಕ ಫ್ರೀ ಬಾಡಿ ಚಿತ್ರ (ಆ ಬ್ಲಾಕ್ ಒಂದನ್ನೇ ಬಿಡಿಸಿ ಅದರ ಮೇಲಿನ ಬಲಗಳನ್ನಷ್ಟೇ ತೋರಿಸುವ ಚಿತ್ರ) ಬರೆಯಿರಿ. ಎಲ್ಲ ಸ್ಪ್ರಿಂಗ್‌ಗಳೂ ಹಿಗ್ಗಿವೆ ಎಂದೇ ಭಾವಿಸಿ ಬಾಣ ಹಾಕಿ, ನಿಜವಾಗಿ ಹಿಗ್ಗಿವೆಯೋ ಇಲ್ಲವೋ ಎಂಬ ಚಿಂತೆ ಬೇಡ.

m₁ ಮೇಲಿನ ಒಟ್ಟು ಬಲ = −k₁e₁ + k₂e₂
m₂ ಮೇಲಿನ ಒಟ್ಟು ಬಲ = −k₂e₂ + k₃e₃

k₂e₂ ಎಂಬ ಪದ ಎರಡೂ ಸಾಲಿನಲ್ಲಿದೆ, ಚಿಹ್ನೆ ಮಾತ್ರ ವಿರುದ್ಧ. ನ್ಯೂಟನ್ನನ ಮೂರನೆಯ ನಿಯಮ ಇಲ್ಲಿ ಕಣ್ಣಿಗೆ ಕಾಣುವಂತಿದೆ. ಎರಡು ಸಾಲಿನಲ್ಲೂ ಆ ಪದಕ್ಕೆ ಒಂದೇ ಚಿಹ್ನೆ ಬಂದಿದ್ದರೆ ಅಲ್ಲೇ ನಿಂತು ಹಂತ 4ನ್ನು ಮತ್ತೆ ಮಾಡಿ.

ಇನ್ನೊಂದು ಎಚ್ಚರಿಕೆ: m₁ಗೆ ನೇರವಾಗಿ ತಾಗಿರುವ ಸ್ಪ್ರಿಂಗ್‌ಗಳು ಮಾತ್ರ ಅದರ ಚಿತ್ರದಲ್ಲಿರಬೇಕು. k₃ ಅಲ್ಲಿಗೆ ಬರಬಾರದು. m₁ ಮೇಲೆ k₃ಯ ಪ್ರಭಾವ ಇದೆ ನಿಜ, ಆದರೆ ಅದು x₂ ಮೂಲಕ ಬರುತ್ತದೆ, ಬಲವಾಗಿ ಅಲ್ಲ.

## ಹಂತ 5: ಸಮೀಕರಣ ಕಟ್ಟಿ ಒಪ್ಪವಾಗಿ ಜೋಡಿಸಿ

e ಬೆಲೆಗಳನ್ನು ಆದೇಶಿಸಿ:

m₁ẍ₁ = −k₁x₁ + k₂(x₂ − x₁)
m₂ẍ₂ = −k₂(x₂ − x₁) − k₃x₂

ಎಲ್ಲವನ್ನೂ ಎಡಕ್ಕೆ ತಂದು, x₁ ಪದಗಳು ಒಂದರ ಕೆಳಗೊಂದು, x₂ ಪದಗಳು ಒಂದರ ಕೆಳಗೊಂದು ಬರುವಂತೆ ಬರೆಯಿರಿ:

m₁ẍ₁ + (k₁ + k₂)x₁ − k₂x₂ = 0
m₂ẍ₂ − k₂x₁ + (k₂ + k₃)x₂ = 0

ಚಲನೆಯ ಸಮೀಕರಣಗಳು ಇವೇ. ಆದರೂ ಹಾಳೆ ಮಡಚುವ ಹೊತ್ತು ಇನ್ನೂ ಬಂದಿಲ್ಲ.

## ಹಂತ 6: ಬಿಡಿಸುವ ಮೊದಲೇ ಪರೀಕ್ಷಿಸಿ

ಮಾತೃಕೆಯ ರೂಪದಲ್ಲಿ ಬರೆದರೆ Mẍ + Kx = 0. M ಕರ್ಣದಲ್ಲಿ m₁, m₂, ಬೇರೆಡೆ ಸೊನ್ನೆ. K ಹೀಗಿರುತ್ತದೆ:

K = [ k₁ + k₂  −k₂ ]
  [ −k₂  k₂ + k₃ ]

K ಮೇಲೆ ನೋಡಬೇಕಾದ ಮೂರು ಸಂಗತಿಗಳಿವೆ. ಕರ್ಣದ ಎರಡೂ ಬೆಲೆ ಧನವಾಗಿರಬೇಕು, ಕರ್ಣದ ಹೊರಗಿನ ಎರಡೂ ಸಮನಾಗಿರಬೇಕು (ಅಂದರೆ K ಸಮಮಿತವಾಗಿರಬೇಕು), ಮತ್ತು ಅವು ಋಣವಾಗಿರಬೇಕು (ಎರಡೂ ನಿರ್ದೇಶಾಂಕಗಳಿಗೆ ಒಂದೇ ಧನ ದಿಕ್ಕು ಇಟ್ಟಿದ್ದರೆ). ಮೂರನ್ನೂ ನೋಡಿ. ಸಮನಾಗಿವೆ ಎಂಬುದಷ್ಟೇ ಸಾಕು ಎಂದುಕೊಂಡರೆ ಮೋಸಹೋಗುತ್ತೀರಿ, ಏಕೆಂಬುದನ್ನು ಹಂತ 8ರ ನಂತರ ಸಂಖ್ಯೆಯಲ್ಲೇ ತೋರಿಸಿದೆ.

ಆಮೇಲೆ ಎರಡು ಸಮೀಕರಣಗಳನ್ನು ಕೂಡಿಸಿ. m₁ẍ₁ + m₂ẍ₂ = −k₁x₁ − k₃x₂ ಬರಬೇಕು. ನಡುವಿನ ಸ್ಪ್ರಿಂಗ್ ಮಾಯವಾಗಲೇಬೇಕು, ಅದು ಒಳಗಿನ ಬಲ. k₂ ಎಲ್ಲಾದರೂ ಉಳಿದಿದ್ದರೆ ಚಿಹ್ನೆ ತಪ್ಪಿದೆ.

ಕೊನೆಯದಾಗಿ ಸುಲಭದ ಸಂದರ್ಭಗಳಿಗೆ ಇಳಿಸಿ ನೋಡಿ. k₂ = 0 ಇಟ್ಟರೆ ಎರಡು ಬ್ಲಾಕ್‌ಗಳೂ ಪರಸ್ಪರ ಸಂಬಂಧವಿಲ್ಲದ ಬಿಡಿ ಆಂದೋಲಕಗಳಾಗಬೇಕು. k₁ = k₃ = 0 ಇಟ್ಟು x₁ = x₂ ಎಂದರೆ ಯಾವ ಬಲವೂ ಇರಬಾರದು.

K ಮಾತೃಕೆಯನ್ನು ನೇರವಾಗಿ ಬರೆಯುವ ದಾರಿಯೂ ಇದೆ. i ಮತ್ತು j ಬ್ಲಾಕ್‌ಗಳ ನಡುವಿನ ಪ್ರತಿ ಸ್ಪ್ರಿಂಗ್‌ಗೆ ಕರ್ಣದ ii, jj ಜಾಗಗಳಲ್ಲಿ +k ಸೇರಿಸಿ, ij, ji ಜಾಗಗಳಲ್ಲಿ −k ಸೇರಿಸಿ. ಗೋಡೆಗೆ ಕಟ್ಟಿದ ಸ್ಪ್ರಿಂಗ್ ಕರ್ಣಕ್ಕೆ ಮಾತ್ರ +k ಕೊಡುತ್ತದೆ. ಹತ್ತು ಬ್ಲಾಕ್ ಇದ್ದಾಗ ಇದು ಬಹಳ ವೇಗದ ದಾರಿ. ಆದರೆ ಹಿಗ್ಗಿನ ಪಟ್ಟಿ ಕೈಗೆ ಪಳಗಿದ ಮೇಲಷ್ಟೇ ಇದಕ್ಕೆ ಬನ್ನಿ. ಅದಿಲ್ಲದೆ ಈ ನಿಯಮ ಬರೀ ಬಾಯಿಪಾಠವಾಗುತ್ತದೆ, ಗೋಡೆಯೇ ಅಲುಗಾಡುವ ಲೆಕ್ಕ ಬಂದಾಗ ಕೆಲಸಕ್ಕೆ ಬರುವುದಿಲ್ಲ.

## ಹಂತ 7: ಶಕ್ತಿಯ ದಾರಿಯಲ್ಲಿ ಇನ್ನೊಮ್ಮೆ ಪಡೆಯಿರಿ

ಅದೇ ಸಮೀಕರಣ ಬೇರೆ ದಾರಿಯಲ್ಲೂ ಬಂದರೆ ನಂಬಿಕೆ ಗಟ್ಟಿಯಾಗುತ್ತದೆ. ಹಿಗ್ಗಿನ ಪಟ್ಟಿ ಇಲ್ಲಿಗೂ ಒದಗುತ್ತದೆ:

ಚಲನಶಕ್ತಿ T = ½m₁ẋ₁² + ½m₂ẋ₂²
ವಿಭವಶಕ್ತಿ V = ½k₁x₁² + ½k₂(x₂ − x₁)² + ½k₃x₂²

ಹಿಗ್ಗಿನ ವರ್ಗ ಬರುವುದರಿಂದ e₂ಗೆ x₂ − x₁ ಬರೆದರೂ x₁ − x₂ ಬರೆದರೂ ಇಲ್ಲಿ ವ್ಯತ್ಯಾಸವಾಗದು. ಚಿಹ್ನೆಯ ಭಯ ಇರುವವರಿಗೆ ಶಕ್ತಿಯ ದಾರಿ ಹೆಚ್ಚು ಸುರಕ್ಷಿತ ಎನ್ನುವುದು ಈ ಕಾರಣಕ್ಕೆ.

ಲಗ್ರಾಂಜಿಯನ್ L = T − V. ಪ್ರತಿ ನಿರ್ದೇಶಾಂಕಕ್ಕೂ ಲಗ್ರಾಂಜನ ಸಮೀಕರಣ, ಅಂದರೆ d/dt(∂L/∂ẋ) = ∂L/∂x, ಹಾಕಿದರೆ, ಈ ವ್ಯವಸ್ಥೆಯ ಮಟ್ಟಿಗೆ ಅದು ಇಷ್ಟಕ್ಕೆ ಇಳಿಯುತ್ತದೆ:

m₁ẍ₁ = −∂V/∂x₁
m₂ẍ₂ = −∂V/∂x₂

ಎಡವುವ ಜಾಗ ಒಂದೇ. (x₂ − x₁)² ಅನ್ನು x₁ ಕುರಿತು ಅವಕಲಿಸಿದಾಗ ಒಳಗಿನಿಂದ ಒಂದು −1 ಹೊರಬರುತ್ತದೆ: ∂V/∂x₁ = k₁x₁ − k₂(x₂ − x₁). ಆ −1 ಬಿಟ್ಟರೆ K ಸಮಮಿತವಾಗಿ ಬರುವುದಿಲ್ಲ, ಹಂತ 6ರ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತದೆ.

ಹಂತ 2ರಲ್ಲಿ ದೂರವಿಡಿ ಎಂದ y ನಿರ್ದೇಶಾಂಕವನ್ನು ನಿರ್ಭಯವಾಗಿ ಬಳಸಬಹುದಾದ ಜಾಗವೂ ಇದೇ. k₃ = 0 ಇರುವಾಗ y = x₂ − x₁ ಎಂದಿಟ್ಟರೆ T = ½m₁ẋ₁² + ½m₂(ẋ₁ + ẏ)², V = ½k₁x₁² + ½k₂y². ಲಗ್ರಾಂಜನ ಸಮೀಕರಣಗಳು ತಾವಾಗಿಯೇ ಸರಿಯಾದದ್ದನ್ನು ಕೊಡುತ್ತವೆ:

(m₁ + m₂)ẍ₁ + m₂ÿ + k₁x₁ = 0
m₂(ẍ₁ + ÿ) + k₂y = 0

ಆದರೆ ಈಗ ಜೋಡಣೆ K ಬಿಟ್ಟು M ಒಳಗೆ ಕೂತಿದೆ ಎಂಬುದನ್ನು ಗಮನಿಸಿ. ಮೇಲೆ ಹೇಳಿದ m₁ẍ₁ = −∂V/∂x₁ ಎಂಬ ಚಿಕ್ಕ ರೂಪ ಇಲ್ಲಿ ನಡೆಯದು, ಪೂರ್ಣ ರೂಪವೇ ಬೇಕು.

## ಹಂತ 8: ಸಂಖ್ಯೆ ಹಾಕಿ ಆವೃತ್ತಿ ತೆಗೆಯಿರಿ

ಎರಡೂ ಬ್ಲಾಕ್ ಒಂದೇ ಕೋನೀಯ ಆವೃತ್ತಿ ω ಇಂದ ಆಂದೋಲಿಸುವ ಚಲನೆಗೆ ನಾರ್ಮಲ್ ಮೋಡ್ ಎನ್ನುತ್ತಾರೆ. x₁ = A₁ cos ωt, x₂ = A₂ cos ωt ಎಂದು ಆದೇಶಿಸಿ, ω² ಅನ್ನು λ ಎಂದು ಕರೆದರೆ ನಿರ್ಧಾರಕ ಸೊನ್ನೆಯಾಗಬೇಕೆಂಬ ಷರತ್ತು ಸಿಗುತ್ತದೆ:

(k₁ + k₂ − m₁λ)(k₂ + k₃ − m₂λ) − k₂² = 0

ಎರಡೂ ದ್ರವ್ಯರಾಶಿ ಸಮ, ಎಲ್ಲ ಸ್ಪ್ರಿಂಗ್ ಸಮ ಎಂಬ ಲೆಕ್ಕದಲ್ಲಿ ತಪ್ಪುಗಳು ಅಡಗಿಕೊಳ್ಳುತ್ತವೆ, ಹಾಗಾಗಿ ಬೇಕೆಂದೇ ಅಸಮವಾದದ್ದನ್ನು ಆರಿಸಿಕೊಳ್ಳೋಣ. m₁ = 1 ಕೆ.ಜಿ., m₂ = 2 ಕೆ.ಜಿ., k₁ = 100 ನ್ಯೂಟನ್/ಮೀಟರ್, k₂ = 200 ನ್ಯೂಟನ್/ಮೀಟರ್, k₃ = 0 (ಬಲತುದಿ ಬಿಡುಬೀಸು).

(300 − λ)(200 − 2λ) − 40000 = 0
2λ² − 800λ + 20000 = 0
λ² − 400λ + 10000 = 0
λ = 200 ± √30000

ಅಂದರೆ λ = 26.8 ಮತ್ತು 373.2. ವರ್ಗಮೂಲ ತೆಗೆದರೆ ω = 5.18 ಮತ್ತು 19.32 ರೇಡಿಯನ್/ಸೆಕೆಂಡ್. 2π ಇಂದ ಭಾಗಿಸಿದರೆ ಆವೃತ್ತಿ 0.82 ಮತ್ತು 3.07 ಹರ್ಟ್ಸ್. ಈ ಕೊನೆಯ ಎರಡು ಕ್ರಿಯೆಗಳನ್ನು ಮರೆತು λಯನ್ನೇ ಆವೃತ್ತಿ ಎಂದು ಬರೆಯುವುದು ಬಹಳ ಸಾಮಾನ್ಯ. ದ್ರವ್ಯರಾಶಿಯನ್ನು ಗ್ರಾಂನಲ್ಲೇ ಹಾಕಿಬಿಟ್ಟರೆ ω ನಿಜ ಬೆಲೆಗಿಂತ √1000, ಅಂದರೆ ಸುಮಾರು 31.6 ಪಟ್ಟು ಕಡಿಮೆ ಬರುತ್ತದೆ. ಉತ್ತರ ಆ ಪ್ರಮಾಣದಲ್ಲಿ ಕುಸಿದಿದ್ದರೆ ಮೊದಲು ಏಕಮಾನ ನೋಡಿ.

ಮೂಲಗಳು ಸರಿಯೇ ಎಂದು ತಾಳೆ ನೋಡಲು, ಎರಡು λಗಳ ಮೊತ್ತ (k₁ + k₂)/m₁ + (k₂ + k₃)/m₂ ಆಗಬೇಕು: 300 + 100 = 400. ಗುಣಲಬ್ಧ Kಯ ನಿರ್ಧಾರಕವನ್ನು m₁m₂ ಇಂದ ಭಾಗಿಸಿದಷ್ಟಿರಬೇಕು: 20000/2 = 10000. ಎರಡೂ ಹೊಂದಿದವು.

ಪಾರಗಳ (ಬ್ಲಾಕ್‌ಗಳು ಸರಿಯುವ ಗರಿಷ್ಠ ದೂರಗಳಾದ A₁, A₂) ಅನುಪಾತ ಮೊದಲ ಸಮೀಕರಣದಿಂದ ಬರುತ್ತದೆ: A₂/A₁ = (k₁ + k₂ − m₁λ)/k₂. ನಿಧಾನದ ಮೋಡ್‌ಗೆ +1.366, ಅಂದರೆ ಎರಡೂ ಒಂದೇ ಕಡೆಗೆ ಓಡಾಡುತ್ತವೆ. ವೇಗದ ಮೋಡ್‌ಗೆ −0.366, ಎದುರುಬದುರು. ವೇಗದ ಮೋಡ್‌ನಲ್ಲಿ ಬ್ಲಾಕ್‌ಗಳು ಎದುರುಬದುರಾಗಿರಬೇಕು, ಏಕೆಂದರೆ ಆಗಲೇ ನಡುವಿನ ಸ್ಪ್ರಿಂಗ್ ಹೆಚ್ಚು ಹಿಗ್ಗಿ ಕುಗ್ಗುತ್ತದೆ. ಇದು ತಿರುಗುಮುರುಗಾಗಿ ಬಂದರೆ k₂ಯ ಚಿಹ್ನೆ ನೋಡಿ.

ಈ ಎರಡು ಮೋಡ್‌ಗಳು ಪರಸ್ಪರ ಲಂಬವಾಗಿವೆಯೇ ಎಂದು ನೋಡುವಾಗ ದ್ರವ್ಯರಾಶಿಯನ್ನು ಸೇರಿಸಿ ಗುಣಿಸಬೇಕು: 1×1×1 + 2×1.366×(−0.366) ≈ 0. ದ್ರವ್ಯರಾಶಿ ಬಿಟ್ಟರೆ 0.5 ಬರುತ್ತದೆ. ಅದನ್ನು ಕಂಡು ಸರಿಯಾದ ಉತ್ತರವನ್ನೇ ಹೊಡೆದುಹಾಕುವವರಿದ್ದಾರೆ.

## ಉತ್ತರದಲ್ಲೇ ಕಾಣುವ ತಪ್ಪಿನ ಲಕ್ಷಣಗಳು

ಮೇಲಿನ ಸಂಖ್ಯೆಗಳನ್ನೇ ಇಟ್ಟುಕೊಂಡು ಬೇಕೆಂದೇ ತಪ್ಪು ಮಾಡಿ ನೋಡೋಣ.

ಮೊದಲ ಸಮೀಕರಣದಲ್ಲಿ ಮಾತ್ರ ನಡುವಿನ ಸ್ಪ್ರಿಂಗ್‌ನ ಚಿಹ್ನೆ ತಿರುಗಿತು ಎನ್ನಿ: m₁ẍ₁ = −k₁x₁ − k₂(x₂ − x₁). ಆಗ Kಯ ಮೊದಲ ಸಾಲು −100, +200; ಎರಡನೆಯ ಸಾಲು −200, +200. ನಿರ್ಧಾರಕ ಬಿಡಿಸಿದರೆ λ² = −10000. λ ವಾಸ್ತವ ಸಂಖ್ಯೆಯೇ ಅಲ್ಲ. ಘರ್ಷಣೆಯೂ ಹೊರಬಲವೂ ಇಲ್ಲದ ಸ್ಪ್ರಿಂಗ್ ವ್ಯವಸ್ಥೆಯಲ್ಲಿ ಇದು ಆಗಲು ಸಾಧ್ಯವೇ ಇಲ್ಲ.

ಈಗ ಎರಡೂ ಸಮೀಕರಣಗಳಲ್ಲಿ ಚಿಹ್ನೆ ತಿರುಗಿಸಿ. K = [−100, 200; 200, −200]. ಇದು ಸಮಮಿತವಾಗಿದೆ! ಎರಡನ್ನು ಕೂಡಿಸಿದರೆ k₂ ಮಾಯವೂ ಆಗುತ್ತದೆ. ಎರಡು ಪರೀಕ್ಷೆಗಳಲ್ಲಿ ಪಾಸಾಗುವ ಈ ತಪ್ಪನ್ನು ಹಿಡಿಯುವುದು ಕರ್ಣದ ಋಣ ಚಿಹ್ನೆ ಮತ್ತು ಕರ್ಣದ ಹೊರಗಿನ ಧನ ಚಿಹ್ನೆ. ಮುಂದುವರಿಸಿದರೆ λ² + 200λ − 10000 = 0, ಅಂದರೆ λ = 41.4 ಮತ್ತು −241.4. ಋಣ λ ಎಂದರೆ ಬ್ಲಾಕ್‌ಗಳು ಆಂದೋಲಿಸದೆ ದೂರ ದೂರಕ್ಕೆ ಓಡಿಹೋಗುತ್ತವೆ ಎಂದರ್ಥ. ಹಿಗ್ಗಿದಾಗ ತಳ್ಳುವ, ಕುಗ್ಗಿದಾಗ ಎಳೆಯುವ ಸ್ಪ್ರಿಂಗನ್ನು ನೀವು ಕಾಗದದ ಮೇಲೆ ತಯಾರಿಸಿದ್ದೀರಿ.

λ = 0 ಬಂದರೆ ಮಾತ್ರ ಅವಸರದಿಂದ ತಪ್ಪೆನ್ನಬೇಡಿ. ಎರಡೂ ಕಡೆ ಗೋಡೆ ಇಲ್ಲದಿದ್ದರೆ ಇಡೀ ವ್ಯವಸ್ಥೆ ಒಟ್ಟಾಗಿ ಜಾರಿಹೋಗಬಲ್ಲದು. ಆ ಚಲನೆಗೆ ಆವೃತ್ತಿ ಸೊನ್ನೆಯೇ. ಕನಿಷ್ಠ ಒಂದು ಗೋಡೆಯ ಸ್ಪ್ರಿಂಗ್ ಇದ್ದೂ, ನಡುವಿನದೂ ಇದ್ದೂ λ = 0 ಬಂದರೆ ಆಗ ತಪ್ಪು ಹುಡುಕಿ.

## ಹಂತ 9: ಲೆಕ್ಕಕ್ಕೆ ಹೊಸದು ಸೇರಿದಾಗ

ಲಂಬವಾಗಿ ತೂಗುಬಿಟ್ಟಾಗ. ಕೆಳಗಡೆ ಧನ ದಿಕ್ಕು. ಸಮತೋಲನದಲ್ಲೇ ಸ್ಪ್ರಿಂಗ್‌ಗಳು ಸ್ವಲ್ಪ ಹಿಗ್ಗಿರುತ್ತವೆ. ಕೆಳಗಿನದು k₂s₂ = m₂g ಆಗುವಷ್ಟು, ಮೇಲಿನದು k₁s₁ = (m₁ + m₂)g ಆಗುವಷ್ಟು. ನಮ್ಮ ಸಂಖ್ಯೆಗಳಿಗೆ, g = 9.8 ಇಟ್ಟರೆ, s₂ = 9.8 ಸೆಂ.ಮೀ., s₁ = 29.4 ಸೆಂ.ಮೀ. ಮೇಲಿನ ಸ್ಪ್ರಿಂಗ್ ಎರಡೂ ಬ್ಲಾಕ್‌ಗಳ ಭಾರ ಹೊರುತ್ತದೆ ಎಂಬುದನ್ನು ಮರೆಯಬೇಡಿ. ಚಲನೆಯಲ್ಲಿ ಒಟ್ಟು ಹಿಗ್ಗು s₂ + x₂ − x₁. ಸಮೀಕರಣಕ್ಕೆ ಹಾಕಿ:

m₂ẍ₂ = m₂g − k₂(s₂ + x₂ − x₁) = −k₂(x₂ − x₁)

g ಹೊಡೆದುಹೋಯಿತು. ಆವೃತ್ತಿಗಳು ಅಡ್ಡಲಾಗಿಟ್ಟಾಗ ಬಂದವೇ. x ಅನ್ನು ಸಮತೋಲನದಿಂದ ಅಳೆದೂ m₂g ಪದವನ್ನು ಹಾಗೇ ಉಳಿಸಿಕೊಂಡರೆ ಗುರುತ್ವವನ್ನು ಎರಡು ಸಲ ಲೆಕ್ಕಕ್ಕೆ ಹಿಡಿದಂತಾಗುತ್ತದೆ. ಸ್ಪ್ರಿಂಗ್‌ನ ಸಹಜ ಉದ್ದದಿಂದ ಅಳೆದರೆ ಮಾತ್ರ g ಉಳಿಯಬೇಕು.

ಡ್ಯಾಂಪರ್ (ವೇಗಕ್ಕೆ ಅನುಪಾತದಲ್ಲಿ ಚಲನೆಯನ್ನು ತಡೆಯುವ ಸಾಧನ, ಅದರ ಸ್ಥಿರಾಂಕ c) ಇದ್ದಾಗ. ಹಿಗ್ಗಿನ ಜಾಗದಲ್ಲಿ ಹಿಗ್ಗುವ ವೇಗ ಬರುತ್ತದೆ, ಉಳಿದ ನಿಯಮವೆಲ್ಲ ಅದೇ. ಎರಡು ಬ್ಲಾಕ್‌ಗಳ ನಡುವಿನ ಡ್ಯಾಂಪರ್ m₁ ಮೇಲೆ +c(ẋ₂ − ẋ₁), m₂ ಮೇಲೆ −c(ẋ₂ − ẋ₁) ಬಲ ಹಾಕುತ್ತದೆ. ಇದಕ್ಕೆ −cẋ₂ ಎಂದಷ್ಟೇ ಬರೆಯುವುದು ತಪ್ಪು. ಅದು ನೆಲಕ್ಕೆ ಕಟ್ಟಿದ ಡ್ಯಾಂಪರ್‌ನ ಬಲ. ಎರಡೂ ಬ್ಲಾಕ್ ಒಂದೇ ವೇಗದಲ್ಲಿ ಹೋಗುವಾಗ ನಡುವಿನ ಡ್ಯಾಂಪರ್ ಸುಮ್ಮನಿರಬೇಕು ಎಂಬ ಪರೀಕ್ಷೆ ಸಾಕು.

ಗೋಡೆ ಅಲುಗಾಡಿದಾಗ. ಎಡಗೋಡೆ y(t) ಪ್ರಕಾರ ಚಲಿಸಿದರೆ e₁ = x₁ − y(t). ಪಟ್ಟಿಯಲ್ಲಿ ಆ ಒಂದು ಸಾಲು ಬದಲಾಯಿಸಿ ಮುಂದುವರಿದರೆ ಮೊದಲ ಸಮೀಕರಣದ ಬಲಭಾಗದಲ್ಲಿ k₁y(t) ಬಂದು ಕೂರುತ್ತದೆ.

ಅನೇಕ ಬ್ಲಾಕ್‌ಗಳಿದ್ದಾಗ. j ಎಂಬ ಬ್ಲಾಕ್‌ಗೆ ಎಡದ ಸ್ಪ್ರಿಂಗ್ kⱼ, ಬಲದ ಸ್ಪ್ರಿಂಗ್ kⱼ₊₁ ಎಂದಿಟ್ಟುಕೊಂಡರೆ:

mⱼẍⱼ = −kⱼ(xⱼ − xⱼ₋₁) + kⱼ₊₁(xⱼ₊₁ − xⱼ)

ಎರಡೂ ತುದಿಯಲ್ಲಿ ಗೋಡೆ ಇದ್ದರೆ x₀ = 0, ಕೊನೆಯ ಬ್ಲಾಕ್‌ನ ಆಚೆಯದೂ 0. ಎಲ್ಲ ದ್ರವ್ಯರಾಶಿ m, ಎಲ್ಲ ಸ್ಪ್ರಿಂಗ್ k, ಒಟ್ಟು N ಬ್ಲಾಕ್ ಇದ್ದರೆ ಆವೃತ್ತಿಗಳಿಗೆ ಸಿದ್ಧ ಸೂತ್ರವಿದೆ: ωₙ = 2√(k/m) · sin(nπ/(2N + 2)). N = 2 ಹಾಕಿದರೆ √(k/m) ಮತ್ತು √(3k/m) ಬರುತ್ತವೆ. ನಿಮ್ಮ ಪ್ರೋಗ್ರಾಂ ಅಸಮ ಬೆಲೆಗಳಿಗೆ ಕೊಡುವ ಉತ್ತರ ನಂಬುವ ಮೊದಲು ಈ ಸೂತ್ರಕ್ಕೆ ತಾಳೆಯಾಗುತ್ತದೆಯೇ ನೋಡಿ.

## ಹಂತ 10: ಕಂಪ್ಯೂಟರ್‌ನಲ್ಲಿ ಓಡಿಸುವಾಗ

ಸಮೀಕರಣ ಸರಿಯಿದ್ದೂ ಸಿಮ್ಯುಲೇಷನ್ ಕೆಡುವುದುಂಟು. ಹಳೆಯ ಸ್ಥಾನ, ಹಳೆಯ ವೇಗಗಳಿಂದಲೇ ಎರಡನ್ನೂ ಮುಂದಕ್ಕೆ ತಳ್ಳುವ ಸರಳ ಯೂಲರ್ ವಿಧಾನದಲ್ಲಿ ಪ್ರತಿ ಹೆಜ್ಜೆಗೂ ಒಂದು ಮೋಡ್‌ನ ಶಕ್ತಿ (1 + ω²h²) ಪಟ್ಟು ಏರುತ್ತದೆ, ಇಲ್ಲಿ h ಎಂದರೆ ಕಾಲದ ಹೆಜ್ಜೆ. ನಮ್ಮ ವೇಗದ ಮೋಡ್‌ಗೆ ω² = 373.2. h = 0.001 ಸೆಕೆಂಡ್ ಇಟ್ಟರೂ ಒಂದೇ ಸೆಕೆಂಡಿನಲ್ಲಿ, ಅಂದರೆ 1000 ಹೆಜ್ಜೆಗಳಲ್ಲಿ, ಶಕ್ತಿ ಸುಮಾರು 1.45 ಪಟ್ಟಾಗುತ್ತದೆ. ಪರದೆಯ ಮೇಲೆ ಇದು ಚಿಹ್ನೆ ತಪ್ಪಿದಂತೆಯೇ ಕಾಣುತ್ತದೆ, ಆಂದೋಲನ ಬೆಳೆಯುತ್ತಾ ಹೋಗುತ್ತದೆ.

ಎರಡನ್ನೂ ಬೇರ್ಪಡಿಸಲು h ಅರ್ಧ ಮಾಡಿ ನೋಡಿ. ಬೆಳವಣಿಗೆಯ ವೇಗವೂ ಅರ್ಧಕ್ಕಿಳಿದರೆ ದೋಷ ವಿಧಾನದ್ದು. ಬದಲಾಗದೇ ಉಳಿದರೆ ದೋಷ ಸಮೀಕರಣದ್ದು, ಹಂತ 3ರ ಪಟ್ಟಿಗೆ ಹಿಂದಿರುಗಿ. ವಿಧಾನದ ದೋಷಕ್ಕೆ ಪರಿಹಾರ ಒಂದೇ ಸಾಲಿನ ಬದಲಾವಣೆ: ಮೊದಲು ಎಲ್ಲ ಬ್ಲಾಕ್‌ಗಳ ವೇಗವನ್ನು ಹೊಸದಾಗಿಸಿ, ಆ ಹೊಸ ವೇಗ ಬಳಸಿ ಸ್ಥಾನಗಳನ್ನು ಹೊಸದಾಗಿಸಿ. ಆಗ h ಚಿಕ್ಕದಿರುವವರೆಗೆ ಒಟ್ಟು ಶಕ್ತಿ ತನ್ನ ಬೆಲೆಯ ಆಸುಪಾಸಿನಲ್ಲೇ ಸಣ್ಣಗೆ ಏರಿಳಿಯುತ್ತದೆ, ಒಂದೇ ಸಮನೆ ಏರುವುದಿಲ್ಲ. ಪ್ರತಿ ಹೆಜ್ಜೆಗೂ T + V ಅನ್ನು ಇನ್ನೊಂದು ಕಾಲಂನಲ್ಲಿ ಬರೆಸಿಕೊಳ್ಳಿ. ಮೋಡ್‌ಗಳನ್ನು ಪರೀಕ್ಷಿಸಲು x₁ = 1 ಸೆಂ.ಮೀ., x₂ = 1.366 ಸೆಂ.ಮೀ. ಇಟ್ಟು ನಿಶ್ಚಲವಾಗಿ ಬಿಡಿ: ಎರಡೂ ಬ್ಲಾಕ್ ಒಟ್ಟಿಗೆ ಸೊನ್ನೆ ದಾಟಬೇಕು, 1.21 ಸೆಕೆಂಡಿಗೊಮ್ಮೆ ಹೊರಟಲ್ಲಿಗೇ ಮರಳಬೇಕು.